ಬಿಲ್ಡ್-ಡಿಪೆಂಡ್ಸ್ ಎಂಬ ಒಂದು ಸಾಲು

ಹಳೆಯ ಕನ್ನಡ ಪುಸ್ತಕದ ಪುಟಗಳನ್ನು ಸ್ಕ್ಯಾನ್ ಮಾಡಿ ಅದರಿಂದ ಅಕ್ಷರಗಳನ್ನು ಹೊರತೆಗೆಯಬೇಕೆಂದರೆ ಲಿನಕ್ಸ್ ಬಳಸುವವರಿಗೆ ಮೊದಲು ನೆನಪಾಗುವುದು ಟೆಸರಾಕ್ಟ್. 1985ರಿಂದ 1994ರವರೆಗೆ ಎಚ್‌ಪಿ ಕಂಪನಿಯ ಪ್ರಯೋಗಾಲಯಗಳಲ್ಲಿ ಬೆಳೆದು, 2005ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಪ್ರೋಗ್ರಾಮ್ ಇದು. ಡೆಬಿಯನ್‌ನಲ್ಲೋ ಉಬುಂಟುವಿನಲ್ಲೋ ಒಂದು ಆಜ್ಞೆ ಕೊಟ್ಟರೆ ಕನ್ನಡದ ದತ್ತಾಂಶದ ಸಮೇತ ಬಂದು ಕೂರುತ್ತದೆ. ಈ ವಾರ ಆ ಸುಲಭದ ದಾರಿ ಬೇಡ. ಸೋರ್ಸ್ ಕೋಡ್ ಇಳಿಸಿಕೊಂಡು ಅದನ್ನು ಕೈಯಾರೆ ಬಿಲ್ಡ್ ಮಾಡುವ ದಾರಿಯಲ್ಲಿ ಸ್ವಲ್ಪ ದೂರ ಹೋಗೋಣ. ಹೊಸ ಆವೃತ್ತಿಯೇ ಬೇಕು ಎನ್ನುವವರು, ಕನ್ನಡದ ಮಾದರಿಯನ್ನು ತಾವೇ ತರಬೇತುಗೊಳಿಸಬೇಕು ಎನ್ನುವವರು ಒಂದಲ್ಲ ಒಂದು ದಿನ ಆ ದಾರಿ ಹಿಡಿಯಲೇಬೇಕು.

ಕಾನ್ಫಿಗರ್ ಎಂಬ ಸ್ಕ್ರಿಪ್ಟ್ ಓಡಿಸುತ್ತೀರಿ. ಅದಿದೆಯೇ, ಇದಿದೆಯೇ ಎಂದು ಸಾಲು ಸಾಲಾಗಿ ವಿಚಾರಿಸಿಕೊಂಡು ಹೋಗುವ ಅದು ಒಂದು ಕಡೆ ಗಕ್ಕನೆ ನಿಲ್ಲುತ್ತದೆ. ಲೆಪ್ಟಾನಿಕಾ 1.74 ಅಥವಾ ಅದಕ್ಕಿಂತ ಹೊಸದು ಬೇಕು, ಲಿಬ್‌ಲೆಪ್ಟಾನಿಕಾ-ಡೆವ್ ಪ್ಯಾಕೇಜ್ ಹಾಕಿ ನೋಡಿ ಎನ್ನುತ್ತದೆ. ಲೆಪ್ಟಾನಿಕಾ ಎಂದರೆ ಟೆಸರಾಕ್ಟಿಗೆ ಚಿತ್ರಗಳನ್ನು ಓದಿಕೊಡುವ ಲೈಬ್ರರಿ. ಹೊಸಬರಿಗೆ ಇಲ್ಲಿ ಗಾಬರಿ. ನನಗಂತೂ ಇದು ಲಿನಕ್ಸ್ ಲೋಕದ ಸಜ್ಜನ ಎರರ್ ಸಂದೇಶಗಳಲ್ಲಿ ಒಂದು. ಯಾವುದು ಇಲ್ಲ, ಎಷ್ಟು ಹೊಸದಿರಬೇಕು, ಯಾವ ಹೆಸರಿನಲ್ಲಿ ಸಿಗುತ್ತದೆ ಎಂಬ ಮೂರನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಟ್ಟಿದೆ. ಬಹಳಷ್ಟು ಪ್ರೋಗ್ರಾಮುಗಳಿಗೆ ಇಷ್ಟು ಸೌಜನ್ಯವಿಲ್ಲ. ಅವು ಕಂಪೈಲ್ ಆಗುತ್ತ ಆಗುತ್ತ ನಡುದಾರಿಯಲ್ಲಿ ಇಂಥ ಹೆಡರ್ ಫೈಲ್ ಸಿಗಲಿಲ್ಲ ಎಂದು ಕೈಚೆಲ್ಲುತ್ತವೆ. ಆ ಸಾಲಿನ ಕೆಳಗೆ ಇನ್ನೂ ಐವತ್ತು ಎರರ್ ಬಂದಿರಬಹುದು. ಓದಬೇಕಾದದ್ದು ಮೊದಲನೆಯದನ್ನು. ಉಳಿದವು ಹೆಚ್ಚಿನ ಸಲ ಅದರ ಪರಿಣಾಮ ಅಷ್ಟೆ.

"ಆದರೆ ಲೆಪ್ಟಾನಿಕಾ ನನ್ನ ಕಂಪ್ಯೂಟರಿನಲ್ಲಿ ಮೊದಲೇ ಇದೆಯಲ್ಲ!" ಈ ಆಕ್ಷೇಪ ಎದುರಾಗದೆ ಇರುವುದಿಲ್ಲ. ಇದೆ, ನಿಜ. ಆದರೆ ಇರುವುದು ಓಡಿಸಲು ಬೇಕಾದಷ್ಟು ಮಾತ್ರ. ಡೆಬಿಯನ್ ಒಂದು ಲೈಬ್ರರಿಯನ್ನು ಎರಡಾಗಿ ಹಂಚಿ ಇಡುತ್ತದೆ. ಪ್ರೋಗ್ರಾಮ್ ಓಡುವಾಗ ಮೆಮೊರಿಗೆ ಸೇರಬೇಕಾದ ಫೈಲ್ ಒಂದು ಪ್ಯಾಕೇಜಿನಲ್ಲಿರುತ್ತದೆ. ಕಂಪೈಲರಿಗೆ ಬೇಕಾದ ಹೆಡರ್ ಫೈಲುಗಳು, ಲಿಂಕರಿಗೆ ಬೇಕಾದ ಆವೃತ್ತಿಯಿಲ್ಲದ ಹೆಸರಿನ ಕೊಂಡಿ, ಪಿಕೆಜಿ-ಕಾನ್ಫಿಗ್ ಓದುವ ಪುಟ್ಟ ವಿವರಪತ್ರ ಇವೆಲ್ಲ ಡೆವ್ ಎಂದು ಕೊನೆಗೊಳ್ಳುವ ಇನ್ನೊಂದರಲ್ಲಿರುತ್ತವೆ. ಫೆಡೋರಾದಲ್ಲಿ ಅದಕ್ಕೇ ಡೆವೆಲ್ ಎಂಬ ಬಾಲ. ಬಿಲ್ಡ್ ಮಾಡದ ಕೋಟ್ಯಂತರ ಬಳಕೆದಾರರ ಡಿಸ್ಕಿನಲ್ಲಿ ಬೇಡದ ಫೈಲುಗಳು ತುಂಬಬಾರದು ಎಂಬುದು ಈ ವಿಭಜನೆಯ ಉದ್ದೇಶ. ಕಾಣೆಯಾದ ಹೆಡರ್ ಯಾವ ಪ್ಯಾಕೇಜಿನದು ಎಂದು ತಿಳಿಯದಿದ್ದರೆ ಆಪ್ಟ್-ಫೈಲ್ ಎಂಬ ಉಪಕರಣವಿದೆ. ಫೈಲಿನ ಹೆಸರು ಕೊಟ್ಟರೆ, ಇನ್ನೂ ಹಾಕಿಕೊಳ್ಳದ ಪ್ಯಾಕೇಜುಗಳ ಒಳಗನ್ನೂ ಹುಡುಕಿ ಮನೆಯ ವಿಳಾಸ ಹೇಳುತ್ತದೆ. ಸರ್ಚ್ ಎಂಜಿನ್ನಿಗೆ ಹೋಗಿ ಯಾರೋ ಯಾವ ಕಾಲದಲ್ಲೋ ಬರೆದ ಆಜ್ಞೆಯನ್ನು ನಕಲು ಮಾಡುವ ಮೊದಲು ಇದನ್ನು ಕೇಳಿ. ನಿಮ್ಮ ಡಿಸ್ಟ್ರೋಗೆ ತನ್ನ ಹತ್ತಿರ ಏನಿದೆ ಎಂಬುದು ಬೇರೆಯವರಿಗಿಂತ ಚೆನ್ನಾಗಿ ಗೊತ್ತು.

ಒಂದು ಪ್ರೋಗ್ರಾಮ್ ನಂಬಿಕೊಂಡ ಇನ್ನೊಂದು ತಂತ್ರಾಂಶವೇ ಅದರ ಡಿಪೆಂಡೆನ್ಸಿ. ಸಿಗದಿದ್ದಾಗ ಬಿಲ್ಡ್ ನಿಲ್ಲಿಸಿಬಿಡುವ ಡಿಪೆಂಡೆನ್ಸಿ ಅಪಾಯಕಾರಿಯಲ್ಲ, ಅದು ಕೂಗಿ ಹೇಳುತ್ತದೆ. ಭಯಪಡಬೇಕಾದದ್ದು ಮೌನವಾಗಿ ಬಿಟ್ಟುಹೋಗುವವುಗಳಿಗೆ. ಲೆಪ್ಟಾನಿಕಾವನ್ನೂ ನೀವೇ ಬಿಲ್ಡ್ ಮಾಡಿದಿರಿ ಎನ್ನಿ. ಆಗ ಪಿಎನ್‌ಜಿ ಲೈಬ್ರರಿಯ ಡೆವ್ ಪ್ಯಾಕೇಜ್ ಇರಲಿಲ್ಲ. ಲೆಪ್ಟಾನಿಕಾ ತಕರಾರೇ ತೆಗೆಯುವುದಿಲ್ಲ. ಚಿತ್ರಗಳ ಪ್ರತಿ ನಮೂನೆಯೂ ಅದಕ್ಕೆ ಐಚ್ಛಿಕ. ಸಿಕ್ಕರೆ ಸೇರಿಸಿಕೊಳ್ಳುತ್ತದೆ, ಸಿಗದಿದ್ದರೆ ಬಿಟ್ಟು ಮುಂದೆ ಹೋಗುತ್ತದೆ. ಅದರ ಮೇಲೆ ಟೆಸರಾಕ್ಟ್ ಕೂಡ ಸಲೀಸಾಗಿ ಸಿದ್ಧವಾಗುತ್ತದೆ. ಸ್ಕ್ಯಾನ್ ಮಾಡಿದ ಪುಟವನ್ನು ಕೊಟ್ಟಾಗ ಮಾತ್ರ ಪಿಎನ್‌ಜಿ ಓದುವ ಫಂಕ್ಷನ್ನೇ ಇಲ್ಲ ಎಂಬ ಉತ್ತರ ಬರುತ್ತದೆ. ತಪ್ಪು ಟೆಸರಾಕ್ಟಿನಲ್ಲಿ ಇದೆ ಎಂದುಕೊಂಡು ಅದನ್ನೇ ಮತ್ತೆ ಮತ್ತೆ ಬಿಲ್ಡ್ ಮಾಡಿದರೆ ಏನೂ ಬದಲಾಗದು, ಏಕೆಂದರೆ ಕೊರತೆ ಒಂದು ಮೆಟ್ಟಿಲು ಕೆಳಗಿದೆ. ಟೆಸರಾಕ್ಟಿನ ಆವೃತ್ತಿ ಕೇಳಿದರೆ ಅದು ತನ್ನ ಸಂಖ್ಯೆಯ ಕೆಳಗೆ ಲೆಪ್ಟಾನಿಕಾದ ಆವೃತ್ತಿಯನ್ನೂ, ಅದರೊಳಗೆ ಸೇರಿರುವ ಜೆಪೆಗ್, ಪಿಎನ್‌ಜಿ, ಟಿಫ್, ವೆಬ್‌ಪಿ ಲೈಬ್ರರಿಗಳನ್ನೂ ಹೆಸರಿಸುತ್ತದೆ. ಆ ಸಾಲನ್ನು ಬಿಲ್ಡ್ ಆದ ಕೂಡಲೇ ಓದಿಕೊಳ್ಳುವುದು ಒಳ್ಳೆಯ ಅಭ್ಯಾಸ.

ತರಬೇತಿಯ ಉಪಕರಣಗಳ ವಿಷಯವೂ ಹೀಗೆಯೇ. ಐಸಿಯು, ಪ್ಯಾಂಗೋ, ಕೈರೋ ಈ ಮೂರು ಲೈಬ್ರರಿಗಳು ಸಿಗದಿದ್ದರೆ ಕಾನ್ಫಿಗರ್ ನಿಲ್ಲುವುದಿಲ್ಲ. ತರಬೇತಿ ಉಪಕರಣಗಳನ್ನು ಬಿಲ್ಡ್ ಮಾಡುವುದಿಲ್ಲ ಎಂದು ಎಚ್ಚರಿಕೆಯ ಸಾಲೊಂದನ್ನು ಬರೆದು ಮುಂದುವರಿಯುತ್ತದೆ. ಓಡುವ ಪರದೆಯಲ್ಲಿ ಅದು ಕಣ್ಣಿಗೆ ಬೀಳುವುದು ಕಷ್ಟ. ಪ್ಯಾಂಗೋ, ಕೈರೋ ಯಾಕೆ ಬೇಕು ಎಂದು ಕೇಳಿಕೊಂಡರೆ ಕನ್ನಡಿಗರಿಗೆ ಒಂದು ಸೊಗಸಾದ ಸಂಗತಿ ಎದುರಾಗುತ್ತದೆ. ಟೆಸರಾಕ್ಟಿಗೆ ಕನ್ನಡ ಕಲಿಸಲು ಕನ್ನಡ ಪಠ್ಯವನ್ನು ಬೇರೆ ಬೇರೆ ಫಾಂಟುಗಳಲ್ಲಿ ಚಿತ್ರವಾಗಿ ಮೂಡಿಸಿ ತೋರಿಸಬೇಕು. ಕೈರೋ ಚಿತ್ರ ಬಿಡಿಸುತ್ತದೆ, ಪ್ಯಾಂಗೋ ಸಾಲುಗಳನ್ನು ಜೋಡಿಸುತ್ತದೆ. ಕ ಮತ್ತು ಷ ಸೇರಿ ಕ್ಷ ಆಗಬೇಕು, ಒತ್ತು ಅಕ್ಷರದ ಕೆಳಗೆ ಕೂರಬೇಕು, ಅರ್ಕಾವತ್ತು ತನ್ನ ಜಾಗಕ್ಕೆ ಸರಿಯಬೇಕು ಎಂಬ ಕೆಲಸವನ್ನು ಪ್ಯಾಂಗೋ ತಾನು ಮಾಡದೆ ಹಾರ್ಫ್‌ಬಜ್ ಎಂಬ ಲೈಬ್ರರಿಗೆ ವಹಿಸುತ್ತದೆ. ಒತ್ತಕ್ಷರ ಒಡೆದುಹೋದ ಚಿತ್ರಗಳಿಂದ ಕಲಿತ ಯಂತ್ರ ಒಡೆದ ಕನ್ನಡವನ್ನೇ ಕಲಿಯುತ್ತದೆ. ಟೆಸರಾಕ್ಟಿನ ಕನ್ನಡದ ನಿಖರತೆ, ಟೆಸರಾಕ್ಟಿನ ಲೇಖಕರು ಒಂದಕ್ಷರವನ್ನೂ ಬರೆಯದ ಒಂದು ಲೈಬ್ರರಿಯನ್ನು ನಂಬಿಕೊಂಡಿದೆ.

ಆ ಹಾರ್ಫ್‌ಬಜ್ ಅನ್ನು ಕೈಯಾರೆ ಬಿಲ್ಡ್ ಮಾಡಲು ಹೊರಟವರಿಗೆ ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು ಎಂಬ ಗಾದೆಯ ಅರ್ಥ ಚೆನ್ನಾಗಿ ತಿಳಿಯುತ್ತದೆ. ಫಾಂಟುಗಳನ್ನು ಓದುವ ಫ್ರೀಟೈಪ್ ಎಂಬ ಲೈಬ್ರರಿಯನ್ನು ಹಾರ್ಫ್‌ಬಜ್ ಬಯಸುತ್ತದೆ. ಫ್ರೀಟೈಪ್ ತನ್ನ ಹಿಂಟಿಂಗ್ ಕೆಲಸ ಪೂರ್ಣವಾಗಿ ಮಾಡಲು ಹಾರ್ಫ್‌ಬಜ್ ಬಯಸುತ್ತದೆ. ಇಡೀ ಲಿನಕ್ಸನ್ನು ಸೋರ್ಸಿನಿಂದಲೇ ಕಟ್ಟಲು ಕಲಿಸುವ ಲಿನಕ್ಸ್ ಫ್ರಮ್ ಸ್ಕ್ರಾಚ್ ಬಳಗದ ಕೈಪಿಡಿ ಇದಕ್ಕೆ ಬಹುಕಾಲ ಕೊಟ್ಟ ಪರಿಹಾರ ನೇರವಾದದ್ದು: ಮೊದಲು ಹಾರ್ಫ್‌ಬಜ್ ಇಲ್ಲದ ಫ್ರೀಟೈಪ್, ಅದರ ಮೇಲೆ ಹಾರ್ಫ್‌ಬಜ್, ಆಮೇಲೆ ಫ್ರೀಟೈಪನ್ನು ಇನ್ನೊಮ್ಮೆ. ಡಿಪೆಂಡೆನ್ಸಿಗಳನ್ನು ಮರದ ಕೊಂಬೆಗಳಂತೆ ಬರೆದು ತೋರಿಸುವ ಚಿತ್ರಗಳನ್ನು ನಂಬಬೇಡಿ. ಅಲ್ಲಿ ಸುತ್ತುಗಳಿವೆ, ಆ ಸುತ್ತನ್ನು ಎಲ್ಲಿ ಕತ್ತರಿಸಬೇಕು ಎಂಬುದನ್ನು ಮನುಷ್ಯರೇ ಹೇಳಬೇಕು.

ಇನ್ನು ಈ ಡಿಪೆಂಡೆನ್ಸಿಗಳ ಲೆಕ್ಕವನ್ನು ಬಿಡಿಸುವ ಸಾಲ್ವರ್ ವಿಷಯ. ಆವೃತ್ತಿಗಳು, ಇದು ಬೇಕಾದರೆ ಅದು ಇರಬಾರದು ಎಂಬ ನಿಷೇಧಗಳು, ಅದಿಲ್ಲದಿದ್ದರೆ ಇದು ಎಂಬ ಪರ್ಯಾಯಗಳು ಎಲ್ಲವನ್ನೂ ಸರಿದೂಗಿಸಿ ಒಂದು ಪ್ಯಾಕೇಜನ್ನು ಕೂರಿಸಲು ಸಾಧ್ಯವೇ ಎಂಬ ಪ್ರಶ್ನೆ ಗಣಿತದಲ್ಲಿ ಎನ್‌ಪಿ-ಕಂಪ್ಲೀಟ್ ವರ್ಗಕ್ಕೆ ಸೇರಿದ್ದು. ಎಲ್ಲ ಸಂದರ್ಭಕ್ಕೂ ಒದಗುವ ಶೀಘ್ರ ವಿಧಾನ ಇದಕ್ಕೆ ಈವರೆಗೆ ಯಾರಿಗೂ ಸಿಕ್ಕಿಲ್ಲ. ಯುರೋಪಿನ ಈಡಾಸ್ ಯೋಜನೆಯಲ್ಲಿ ದುಡಿದ ರಾಬರ್ಟೊ ಡಿ ಕಾಸ್ಮೊ, ಕ್ಸೇವಿಯರ್ ಲೆರುವಾ ಮತ್ತಿತರರು 2006ರಲ್ಲೇ ಇದನ್ನು ತೋರಿಸಿಕೊಟ್ಟರು. ಅದಾದ ಮೇಲೆ ಓಪನ್‌ಸೂಸೆ 2008ರಲ್ಲಿ, ತರ್ಕಶಾಸ್ತ್ರದ ಸ್ಯಾಟ್ ಸಮಸ್ಯೆಗಳನ್ನು ಬಿಡಿಸುವ ತಂತ್ರವನ್ನೇ ಪ್ಯಾಕೇಜುಗಳಿಗೆ ಅಳವಡಿಸಿಕೊಂಡಿತು. ಅಲ್ಲಿ ಹುಟ್ಟಿದ ಲಿಬ್‌ಸಾಲ್ವ್ ಇವತ್ತು ಫೆಡೋರಾದ ಡಿಎನ್‌ಎಫ್ ಒಳಗೂ ಕೆಲಸ ಮಾಡುತ್ತಿದೆ. ಡೆಬಿಯನ್ನಿನ ಆಪ್ಟ್ ಕೂಡ 3.0 ಆವೃತ್ತಿಯಲ್ಲಿ ಹೊಸ ಸಾಲ್ವರ್ ಪಡೆದಿದೆ. ನನಗೆ ಇಂದಿಗೂ ಇಷ್ಟ ಆಪ್ಟಿಟ್ಯೂಡ್. ಗಂಟು ಬಿದ್ದಾಗ ಅದು ಒಂದು ಪರಿಹಾರ ಮುಂದಿಡುತ್ತದೆ, ಬೇಡವೆಂದರೆ ಇನ್ನೊಂದು, ಅದೂ ಬೇಡವೆಂದರೆ ಮತ್ತೊಂದು. ಯಂತ್ರ ತಾನೇ ತೀರ್ಮಾನಿಸಿಬಿಡದೆ ನಿಮ್ಮನ್ನು ಕೇಳುತ್ತದೆ.

ಆದರೆ ಈ ಸಾಲ್ವರುಗಳ ಜಾಣತನದ ಬಗ್ಗೆ ಬರುವ ಹೊಗಳಿಕೆ ಅರ್ಧ ಮಾತ್ರ ನ್ಯಾಯ. ಯಾರೋ ಬರೆದಿಟ್ಟ ಡಿಪೆಂಡೆನ್ಸಿಗಳನ್ನಷ್ಟೇ ಅವು ಲೆಕ್ಕ ಹಾಕಬಲ್ಲವು. ಬರೆದವರು ಯಾರು? ಇಲ್ಲಿ ಡೆಬಿಯನ್ನಿನ ಏರ್ಪಾಡನ್ನು ಹತ್ತಿರದಿಂದ ನೋಡಬೇಕು. ಓಡುವಾಗ ಯಾವ ಲೈಬ್ರರಿ ಬೇಕು ಎಂಬುದನ್ನು ಡಿಪಿಕೆಜಿ-ಶ್ಲಿಬ್‌ಡೆಪ್ಸ್ ಎಂಬ ಉಪಕರಣ ಸಿದ್ಧವಾದ ಬೈನರಿಯನ್ನೇ ಓದಿ ಕಂಡುಹಿಡಿಯುತ್ತದೆ. ಬಿಲ್ಡ್ ಮಾಡಲು ಏನು ಬೇಕು ಎಂಬುದನ್ನು ಹಾಗೆ ಕಂಡುಹಿಡಿಯಲಾಗದು. ಅದನ್ನು ಪ್ಯಾಕೇಜ್ ನೋಡಿಕೊಳ್ಳುವವರು ಕಂಟ್ರೋಲ್ ಎಂಬ ಫೈಲಿನಲ್ಲಿ ಬಿಲ್ಡ್-ಡಿಪೆಂಡ್ಸ್ ಎಂಬ ಸಾಲಿನಲ್ಲಿ ಕೈಯಿಂದಲೇ ಬರೆಯುತ್ತಾರೆ. ಬರೆದದ್ದು ಸತ್ಯವೇ ಎಂಬ ಪರೀಕ್ಷೆಯೂ ಇದೆ. ಎಸ್‌ಬಿಲ್ಡ್ ಎಂಬ ಉಪಕರಣ ಪ್ರತಿ ಸಲವೂ ಖಾಲಿ ವ್ಯವಸ್ಥೆಯೊಂದನ್ನು ತೆರೆದು, ಆ ಸಾಲಿನಲ್ಲಿರುವವನ್ನು ಮತ್ತು ತೀರಾ ಮೂಲಭೂತವಾದ ಕೆಲವನ್ನು ಮಾತ್ರ ಹಾಕಿ ಬಿಲ್ಡ್ ಮಾಡುತ್ತದೆ. ಬರೆಯಲು ಮರೆತ ಹೆಸರು ಅಲ್ಲಿ ಸಿಕ್ಕಿಬೀಳುತ್ತದೆ. ನಮ್ಮ ನಮ್ಮ ಕಂಪ್ಯೂಟರುಗಳಲ್ಲಿ ವರ್ಷಗಳಿಂದ ಸೇರಿಕೊಂಡ ನೂರಾರು ಡೆವ್ ಪ್ಯಾಕೇಜುಗಳಿರುತ್ತವೆ. "ನನ್ನಲ್ಲಿ ಬಿಲ್ಡ್ ಆಯಿತಲ್ಲ" ಎಂಬ ಮಾತಿಗೆ ಅದಕ್ಕೇ ಬೆಲೆ ಕಡಿಮೆ.

ಬಿಲ್ಡ್-ಡಿಪೆಂಡ್ಸ್ ಸಾಲಿನ ಲಾಭ ನಮಗೂ ಉಂಟು. ಸೋರ್ಸ್ ಪ್ಯಾಕೇಜುಗಳ ಭಂಡಾರವನ್ನು ಸಕ್ರಿಯಗೊಳಿಸಿ, ಆಪ್ಟ್‌ಗೆ ಬಿಲ್ಡ್-ಡೆಪ್ ಟೆಸರಾಕ್ಟ್ ಎಂದರೆ ಸಾಕು. ಲೆಪ್ಟಾನಿಕಾ, ಐಸಿಯು, ಪ್ಯಾಂಗೋ, ಕೈರೋ ಎಲ್ಲದರ ಡೆವ್ ಪ್ಯಾಕೇಜುಗಳೂ ಒಟ್ಟಿಗೆ ಬರುತ್ತವೆ. ನೀವು ಬಿಲ್ಡ್ ಮಾಡುವುದು ಇನ್ನೂ ಹೊಸ ಆವೃತ್ತಿಯಾದರೂ ಬೇಕಾದದ್ದರಲ್ಲಿ ಬಹುಪಾಲು ಅಲ್ಲೇ ತೀರುತ್ತದೆ. ಉಳಿದ ಒಂದೆರಡನ್ನು ಕಾನ್ಫಿಗರ್ ಹೇಳುತ್ತದೆ. ಬಿಲ್ಡ್ ಆದದ್ದನ್ನು ಯುಎಸ್‌ಆರ್ ಫೋಲ್ಡರಿನ ಲೋಕಲ್ ಭಾಗದಲ್ಲೇ ಇಡಿ, ಡಿಸ್ಟ್ರೋ ನೋಡಿಕೊಳ್ಳುವ ಫೈಲುಗಳ ಮೇಲೆ ಬರೆಯಬೇಡಿ. ಓಡಿಸಿದಾಗ ಲಿಬ್‌ಟೆಸರಾಕ್ಟ್ ಸಿಗಲಿಲ್ಲ ಎಂದರೆ ಎಲ್‌ಡಿ-ಕಾನ್ಫಿಗ್ ಓಡಿಸುವುದು ಬಾಕಿಯಿದೆ ಎಂದರ್ಥ.

ಬೇರೆ ಮಾರ್ಗಗಳೂ ಇವೆ. ಈಲ್ಕೊ ಡಾಲ್ಸ್ಟ್ರಾ ರೂಪಿಸಿದ ನಿಕ್ಸ್, ಪ್ರತಿ ಪ್ಯಾಕೇಜನ್ನೂ ಅದರದೇ ಹ್ಯಾಶ್ ಇರುವ ಫೋಲ್ಡರಿನಲ್ಲಿಟ್ಟು ಎರಡು ಆವೃತ್ತಿಗಳು ಜಗಳವಿಲ್ಲದೆ ಒಟ್ಟಿಗಿರುವಂತೆ ಮಾಡಿತು. ಬಹಳ ಸುಂದರ ಯೋಚನೆ ಅದು. ಬೇಕಾದ ಎಲ್ಲ ಲೈಬ್ರರಿಗಳನ್ನೂ ಪ್ರೋಗ್ರಾಮಿನ ಜೊತೆಗೇ ಕಟ್ಟಿ ಕೊಟ್ಟುಬಿಡುವ ಪದ್ಧತಿಯ ಬಗ್ಗೆ ಮಾತ್ರ ನನಗೆ ಒಲವಿಲ್ಲ. ಹಂಚಿಕೊಂಡ ಒಂದೇ ಲೈಬ್ರರಿಯಿದ್ದರೆ ಅದರ ಭದ್ರತಾ ದೋಷವನ್ನು ಒಮ್ಮೆ ಸರಿಪಡಿಸಿದರೆ ಸಾಕು, ನಂಬಿಕೊಂಡವರೆಲ್ಲರಿಗೂ ತಲುಪುತ್ತದೆ. ಹತ್ತು ಕಡೆ ಹತ್ತು ಪ್ರತಿಗಳಿದ್ದರೆ ಯಾವುದು ಹಳೆಯದು ಎಂದು ತಿಳಿಯುವುದೇ ದೊಡ್ಡ ಕೆಲಸ.

2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ಪೋಸ್ಟ್‌ಗ್ರೆಸ್ ಡೆವಲಪರ್ ಬಯಲಿಗೆಳೆದ ಎಕ್ಸ್‌ಜೆಡ್ ಪ್ರಕರಣವನ್ನು ಬಲ್ಲವರಿಗೆ ಡಿಪೆಂಡೆನ್ಸಿಯ ಸಾಲುಗಳನ್ನು ಓದುವುದು ಹವ್ಯಾಸ ಮಾತ್ರವಲ್ಲ ಎಂದು ಗೊತ್ತು. ಎಸ್‌ಎಸ್‌ಎಚ್ ಲಾಗಿನ್ ಸುಮಾರು ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂಬ ಅನುಮಾನದಿಂದ ಅವರು ಬೆನ್ನುಹತ್ತಿದರು. ಓಪನ್‌ಎಸ್‌ಎಸ್‌ಎಚ್ ತಾನಾಗಿ ಎಕ್ಸ್‌ಜೆಡ್ ಯೋಜನೆಯ ಲಿಬ್‌ಎಲ್‌ಜೆಡ್‌ಎಂಎ ಎಂಬ ಕಂಪ್ರೆಷನ್ ಲೈಬ್ರರಿಯನ್ನು ಕೇಳುವುದೇ ಇಲ್ಲ. ಡೆಬಿಯನ್, ಫೆಡೋರಾ ಮುಂತಾದವು ಅದಕ್ಕೆ ಲಿಬ್‌ಸಿಸ್ಟಮ್‌ಡಿ ಎಂಬ ಇನ್ನೊಂದು ಲೈಬ್ರರಿ ಜೋಡಿಸಿದ್ದವು, ಲಿಬ್‌ಸಿಸ್ಟಮ್‌ಡಿ ಆ ಲೈಬ್ರರಿಯನ್ನು ಜೊತೆಗೆ ಕರೆತಂದಿತ್ತು. ಎರಡು ಮೆಟ್ಟಿಲು ಕೆಳಗಿನ ಆ ಲೈಬ್ರರಿಯ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಸೇರಿತ್ತು. ಅದನ್ನು ಚಾಲೂ ಮಾಡುವ ತುಣುಕು ಗಿಟ್‌ನಲ್ಲಿರಲಿಲ್ಲ. ಬಿಡುಗಡೆಯ ಟಾರ್ ಕಟ್ಟಿನೊಳಗಿನ ಬಿಲ್ಡ್ ಸ್ಕ್ರಿಪ್ಟಿನಲ್ಲಿ, ಅಂದರೆ ಕಾನ್ಫಿಗರ್ ಓಡುವ ಜಾಗದಲ್ಲೇ ಇತ್ತು. ವರ್ಷಗಳ ಕಾಲ ಹೆಚ್ಚುಕಡಿಮೆ ಒಬ್ಬರೇ ಹೊತ್ತಿದ್ದ ಯೋಜನೆಗೆ ನೆರವಾಗುವ ನೆಪದಲ್ಲಿ, ಜಿಯಾ ತಾನ್ ಎಂಬ ಹೆಸರಿನಲ್ಲಿ ಬಂದು ಎರಡು ವರ್ಷಕ್ಕೂ ಮಿಕ್ಕಿ ವಿಶ್ವಾಸ ಗಳಿಸಿದವರು ಅದನ್ನು ಸೇರಿಸಿದ್ದರು. ಡೆಬಿಯನ್ನಿನ ಸ್ಟೇಬಲ್ ಆವೃತ್ತಿಗೆ ಅದು ತಲುಪುವ ಮೊದಲೇ ಸಿಕ್ಕಿಬಿದ್ದದ್ದು ನಮ್ಮೆಲ್ಲರ ಪುಣ್ಯ. ಅಂದಹಾಗೆ, ಡೆಬಿಯನ್ನಿನ ಟೆಸರಾಕ್ಟನ್ನು ಎಲ್‌ಡಿಡಿ ಎಂಬ ಆಜ್ಞೆಗೆ ಕೊಟ್ಟು ನೋಡಿ. ಹತ್ತಾರು ಹೆಸರುಗಳ ನಡುವೆ ಲಿಬ್‌ಎಲ್‌ಜೆಡ್‌ಎಂಎ ಕೂಡ ಕಾಣುತ್ತದೆ. ಟಿಫ್ ಚಿತ್ರಗಳ ಲೈಬ್ರರಿ ಅದನ್ನು ಕರೆತಂದಿರುತ್ತದೆ. ಕನ್ನಡ ಪುಸ್ತಕದ ಒಂದು ಪುಟ ಓದಿಸಲು ಕೂಡ ಅದೇ ಲೈಬ್ರರಿ ಬೇಕು.

ಎಕ್ಸ್‌ಜೆಡ್ ತಪ್ಪಿದ್ದು ಕೋಡಿನಲ್ಲಿ ಅಲ್ಲ, ಒಬ್ಬರ ಮೇಲೆ ಬಿದ್ದ ಭಾರದಲ್ಲಿ ಎಂದು ನನ್ನ ನಂಬಿಕೆ. ಆದ್ದರಿಂದ ಡೆಬಿಯನ್ ಅಥವಾ ಉಬುಂಟು ಬಳಸುವ ಓದುಗರಲ್ಲಿ ಒಂದು ಕೋರಿಕೆ. ಡೆವ್‌ಸ್ಕ್ರಿಪ್ಟ್ಸ್ ಎಂಬ ಪ್ಯಾಕೇಜ್ ಹಾಕಿಕೊಂಡು ಡಬ್ಲ್ಯುಎನ್‌ಪಿಪಿ-ಅಲರ್ಟ್ ಎಂಬ ಆಜ್ಞೆ ಕೊಡಿ. ನಿಮ್ಮ ಕಂಪ್ಯೂಟರಿನಲ್ಲಿರುವ ಪ್ಯಾಕೇಜುಗಳಲ್ಲಿ ನೋಡಿಕೊಳ್ಳುವವರಿಲ್ಲದೆ ಡೆಬಿಯನ್ನಿನಲ್ಲಿ ಅನಾಥವಾಗಿರುವವು, ಸಹಾಯ ಕೇಳುತ್ತಿರುವವು ಯಾವುವು ಎಂದು ಅದು ಪಟ್ಟಿ ಮಾಡುತ್ತದೆ. ನೀವು ದಿನವೂ ಬಳಸುವ ಒಂದು ಹೆಸರು ಅದರಲ್ಲಿದ್ದರೆ ಅದರ ಸೋರ್ಸ್ ಇಳಿಸಿಕೊಂಡು ಬಿಲ್ಡ್ ಮಾಡಿ ನೋಡಿ, ಎಲ್ಲಿ ನಿಂತಿತು ಎಂದು ಬಗ್ ವರದಿಯೊಂದನ್ನು ಬರೆಯಿರಿ. ಅದಕ್ಕೆ ಯಾರ ಅನುಮತಿಯೂ ಬೇಡ, ಒಂದು ಇಮೇಲ್ ಸಾಕು.