ಸೊಂಡಿಲಿನ ತುದಿ ಯಾವ ಚುಕ್ಕೆಗೆ?

ಪುತ್ತೂರು, ಸುಳ್ಯ, ಕಡಬದ ಕಡೆ ತೋಟದ ಕಣಿ ಬಿಡಿಸುವಾಗಲೋ ಹಳೆಯ ಪತ್ತಾಯ ಸರಿಸುವಾಗಲೋ ಆನೆಯಿರುವ ತಾಮ್ರದ ಬಿಲ್ಲೆ ಸಿಕ್ಕಿದರೆ ‘ಟಿಪ್ಪುವಿನ ದುಡ್ಡು’ ಎಂದುಬಿಡುತ್ತಾರೆ. ಹೆಚ್ಚಾಗಿ ಅದು ಸರಿಯೇ. ಹೈದರಾಲಿಯ ಕೊನೆಯ ವರ್ಷಗಳ ತಾಮ್ರದಲ್ಲೂ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸಿನಲ್ಲೂ ಆನೆ ಉಂಟು. ಆದರೆ ಒಡೆಯರ ಆನೆಯ ಜೊತೆಗೆ ಕನ್ನಡದ ಅಕ್ಷರಗಳೂ ಇರುವುದರಿಂದ ಗೊಂದಲವಾಗದು. ಸಾಮಾನ್ಯವಾಗಿ ಜನ ಕೇಳುವುದು ಎರಡೇ: ಎಷ್ಟು ಹಳೆಯದು, ಎಷ್ಟು ಸಿಕ್ಕೀತು. ನನಗೆ ರುಚಿಸುವ ಪ್ರಶ್ನೆ ಬೇರೆ: ಇದು ಯಾವ ಅಚ್ಚಿನ ಆನೆ?

ಟಿಪ್ಪುವಿನ ಟಂಕಸಾಲೆಗಳಲ್ಲಿ ಅಚ್ಚು ಕೆತ್ತುತ್ತಿದ್ದುದು ಕೈಯಲ್ಲೇ. ಉಕ್ಕಿನ ತುಂಡಿನ ಮುಖದಲ್ಲಿ ಆನೆಯನ್ನು ತಗ್ಗಾಗಿ, ಎಡಬಲ ತಿರುಗಿಸಿ ಕೊರೆಯಬೇಕು. ಸುತ್ತಿಗೆಯ ಏಟಿಗೆ ಅಚ್ಚು ಸವೆಯುತ್ತದೆ, ಒಮ್ಮೊಮ್ಮೆ ಸೀಳುತ್ತದೆ. ಆಗ ಮತ್ತೊಂದು ಕೆತ್ತಬೇಕು. ಹಾಗಾಗಿ ಒಂದೇ ಊರಿನ, ಒಂದೇ ವರ್ಷದ ಪೈಸೆಗಳಲ್ಲೂ ಒಂದು ಆನೆ ಸೊಂಡಿಲೆತ್ತಿ ಗತ್ತಿನಲ್ಲಿ ನಡೆದರೆ ಇನ್ನೊಂದು ಹೊಟ್ಟೆಭಾರಕ್ಕೆ ಕುಸಿಯುವಂತಿರುತ್ತದೆ.

ಪಟ್ಟಣ, ಅಂದರೆ ಶ್ರೀರಂಗಪಟ್ಟಣದ ಎರಡು ಪೈಸೆಗಳು ಈಗ ನನ್ನ ಮೇಜಿನ ಮೇಲಿವೆ. ಮೊದಲ ನೋಟಕ್ಕೆ ಅವಳಿಜವಳಿ. ಭೂತಗನ್ನಡಿ ಹಿಡಿದರೆ ಒಂದರ ಸೊಂಡಿಲಿನ ತುದಿ ಅಂಚಿನ ಸಾಲಿನ ಚುಕ್ಕೆಯೊಂದಕ್ಕೆ ನೇರ ತಾಗುವಂತಿದೆ. ಇನ್ನೊಂದರಲ್ಲಿ ಎರಡು ಚುಕ್ಕೆಗಳ ನಡುವಿನ ಸಂದಿಗೆ ಬರುತ್ತದೆ. ಅಷ್ಟು ಸಾಕು, ಅಚ್ಚು ಬೇರೆ. ಆನೆ ದಪ್ಪವೋ ಸಪೂರವೋ ಎಂದು ನೋಡಬಾರದು, ಸವೆತ ಅದನ್ನು ಬದಲಿಸುತ್ತದೆ. ಒಂದು ಗುರುತಿನಿಂದ ಇನ್ನೊಂದು ಗುರುತು ಎಲ್ಲಿದೆ ಎಂಬುದನ್ನು ಎಷ್ಟು ಸವೆದರೂ ಬದಲಿಸಲಾಗದು. ಎರಡನೆಯದರ ಹಿಂಗಾಲಿನಿಂದ ಅಂಚಿನವರೆಗೆ ಕೂದಲೆಳೆಯಂಥ ಗೆರೆಯೊಂದಿದೆ, ಬೆರಳಿಗೆ ಉಬ್ಬಾಗಿ ಸಿಗುತ್ತದೆ. ಅದು ನಾಣ್ಯದ ಮೇಲಿನ ಗೀರಲ್ಲ, ಅಚ್ಚಿನ ಬಿರುಕಿಗೆ ತಾಮ್ರ ನುಗ್ಗಿ ಮೂಡಿದ ಗೆರೆ. ಗೀರಾಗಿದ್ದರೆ ತಗ್ಗಾಗಿರಬೇಕಿತ್ತು. ಇದೇ ಬಿರುಕು ಇನ್ನಷ್ಟು ಉದ್ದವಾಗಿರುವ ಪೈಸೆ ಸಿಕ್ಕಿದರೆ ಅದು ಇದರ ನಂತರ ಬಿದ್ದದ್ದು ಎಂದು ಧೈರ್ಯವಾಗಿ ಹೇಳಬಹುದು.

ಈ ಹುಚ್ಚನ್ನು ಶಾಸ್ತ್ರದ ಮಟ್ಟಕ್ಕೆ ಒಯ್ದವರು ಅಮೆರಿಕದವರು. ಅವರ ತಾಮ್ರದ ಸೆಂಟು 1793ರಲ್ಲಿ ಶುರುವಾಯಿತು. ಮೊದಲ ಅಚ್ಚಿನಲ್ಲಿ ಜಾಗ ಸಾಲದೆ ದೇಶದ ಹೆಸರನ್ನೇ ‘ಅಮೆರಿ’ ಎಂದು ಮೊಟಕು ಮಾಡಿದ್ದರು! ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞ 1949ರ ತನ್ನ ಪುಸ್ತಕದಲ್ಲಿ 1793ರಿಂದ 1814ರವರೆಗಿನ ಸೆಂಟುಗಳಿಗೆ ಅಚ್ಚಿನ ಜೋಡಿಗೊಂದರಂತೆ ನಂಬರು ಕೊಟ್ಟ. ನಾಣ್ಯದ ಸ್ಥಿತಿಗೆ 70ರವರೆಗೆ ಅಂಕ ಕೊಡುವ ಪದ್ಧತಿಯೂ ಅವನದೇ. ಕೈ ಮಾತ್ರ ಸ್ವಚ್ಛವಿರಲಿಲ್ಲ. ಅಮೆರಿಕನ್ ನ್ಯೂಮಿಸ್ಮಾಟಿಕ್ ಸೊಸೈಟಿಯ ಒಳ್ಳೆಯ ಸೆಂಟುಗಳನ್ನು ಎತ್ತಿ ಕಳಪೆಯವನ್ನು ಇಟ್ಟಿದ್ದನೆಂಬುದು ಅವನು ಸತ್ತ ಮೇಲೆ ಹಳೆಯ ಫೋಟೊಗಳನ್ನು ಹೋಲಿಸಿದಾಗ ಬಯಲಾಯಿತು.

ನಮಗಿರುವ ಆಧಾರ ಹೆಂಡರ್ಸನ್ ಅವರ ಪುಸ್ತಕ, 1921ರಲ್ಲಿ ಮದ್ರಾಸಿನಲ್ಲಿ ಅಚ್ಚಾದದ್ದು. ಹೈದರ್ ಮತ್ತು ಟಿಪ್ಪುವಿನ ನಾಣ್ಯಗಳನ್ನು ಟಂಕಸಾಲೆ, ವರ್ಷ ಹಿಡಿದು ಅದು ವಿಂಗಡಿಸುತ್ತದೆ. ಪಟ್ಟಣ, ನಗರ, ಬೆಂಗಳೂರು, ಫರೂಕಿ ಎಂದು ಊರು ಓದಲು ಕಲಿತವರನ್ನೂ ವರ್ಷ ಸತಾಯಿಸುತ್ತದೆ. 1787ರಲ್ಲಿ ಟಿಪ್ಪು ಹಿಜರಿಯನ್ನು ಬಿಟ್ಟು 1215 ಎಂದು ಶುರುವಾಗುವ ಮೌಲೂದಿ ಶಕೆ ತಂದ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. ಹೊಸಬರು 5121 ಎಂದು ಓದಿ ಕಂಗಾಲಾಗುತ್ತಾರೆ. 1221 ಒಂದೇ ಬಚಾವ್, ಎತ್ತಲಿಂದ ಓದಿದರೂ ಅದೇ. ಹೆಸರುಗಳಲ್ಲೂ ಅವನಿಗೆ ಆಕಾಶವೇ ಬೇಕಿತ್ತು: ಪೈಸೆ ಜೊಹ್ರಾ, ಅಂದರೆ ಶುಕ್ರ. ಅರ್ಧ ಪೈಸೆ ಬಹ್ರಾಮ್, ಮಂಗಳ.

ಈಸ್ಟ್ ಇಂಡಿಯಾ ಕಂಪನಿಯ ಕಾಸುಗಳು ಇಷ್ಟು ರುಚಿಯವಲ್ಲ. ಮದ್ರಾಸ್ ಪ್ರಾಂತ್ಯಕ್ಕಾಗಿ 1803 ಮತ್ತು 1808ರ ಇಪ್ಪತ್ತು ಕಾಸು, ಹತ್ತು ಕಾಸುಗಳನ್ನು ಬರ್ಮಿಂಗ್‌ಹ್ಯಾಮಿನ ಸೋಹೊದಲ್ಲಿ ಮ್ಯಾಥ್ಯೂ ಬೋಲ್ಟನ್ ಹಬೆಯಂತ್ರದಲ್ಲಿ ಒತ್ತಿಸಿದ. ಅಮೆರಿಕದ ಸೆಂಟಿಗೂ ತಾಮ್ರದ ಖಾಲಿ ಬಿಲ್ಲೆಗಳನ್ನು ಕಳಿಸುತ್ತಿದ್ದವನು ಅವನೇ. ಯಂತ್ರದ ಕೆಲಸವಾದ್ದರಿಂದ ಭೇದ ಹುಡುಕಿದರೆ ಕಣ್ಣು ನೋವು, ಸಿಕ್ಕರೂ ಸುಖ ಕಡಿಮೆ. ಈಗ ಹರಾಜಿನಲ್ಲಿ ಹೊಳೆಯುವ 1808ರ ಕಾಸುಗಳು ಧಾರಾಳ. ಬಹಳಷ್ಟು ‘ಅಡ್ಮಿರಲ್ ಗಾರ್ಡನರ್’ ಹಡಗಿನವು. 1809ರ ಜನವರಿಯಲ್ಲಿ ಅದು ಇಂಗ್ಲೆಂಡಿನ ಕರಾವಳಿಯಲ್ಲೇ ಮುಳುಗಿತು, 1980ರ ದಶಕದಲ್ಲಿ ಕಾಸುಗಳನ್ನು ರಾಶಿರಾಶಿಯಾಗಿ ಮೇಲೆತ್ತಿದರು. ಅವು ಮದ್ರಾಸನ್ನು ಮುಟ್ಟಲೇ ಇಲ್ಲ. ನಮ್ಮ ಕಡೆ ಜನರ ಕೈದಾಟಿದ ಕಾಸಿನ ಕತೆ ಬೇರೆ. ಕೊಡಗಿನ ಅರಸರಿಗೆ ಫಸಲಿನ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿಯೇ ಕಟ್ಟಿ ಎಂದು ಕಂಪನಿ ಹಟ ಹಿಡಿದದ್ದು 1837ರ ಅಮರ ಸುಳ್ಯದ ದಂಗೆಗೆ ಒಂದು ಕಾರಣ. ದಂಗೆಯವರು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡರು. ಆ ಸೀಮೆಯ ಗದ್ದೆಯಲ್ಲಿ ಸಿಕ್ಕ ಸವಕಲು ಕಾಸೊಂದಕ್ಕೆ ಹಡಗಿನ ಹತ್ತು ಕಾಸು ಕೊಟ್ಟೇನು.

ಇನ್ನು, ರಾಮ, ಹನುಮಂತರ ಚಿತ್ರದ ಹಿಂದೆ ‘ಈಸ್ಟ್ ಇಂಡಿಯಾ ಕಂಪನಿ 1818’ ಎಂದಿರುವ ಅಣೆಗಳು. ಇವನ್ನು ಕಂಪನಿ ಹೊರಡಿಸಿದ್ದೇ ಅಲ್ಲ. ಅಕ್ಕಿಕಾಳನ್ನು ತನ್ನತ್ತ ಎಳೆಯುವ ಶಕ್ತಿ ಇದಕ್ಕುಂಟೆಂದು ನಂಬಿಸಿ ಲಕ್ಷಗಟ್ಟಲೆ ಬೆಲೆ ಹೇಳುವವರನ್ನು ಜಗಲಿಗೂ ಹತ್ತಿಸಬೇಡಿ.

ಸಿಕ್ಕ ನಾಣ್ಯವನ್ನು ದೇವರ ಕೊಡಪಾನದಂತೆ ಹುಣಸೆಹುಳಿ, ಬಿಂಬುಳಿ ಹಾಕಿ ಬೆಳಗಬೇಡಿ. ಹುಳಿ ಕಿಲುಬಿನೊಂದಿಗೆ ಚುಕ್ಕೆಗಳನ್ನೂ ಒಯ್ಯುತ್ತದೆ. ಬರೀ ನೀರಿನಲ್ಲಿ ನೆನೆಸಿ, ಮೆತ್ತಗಿನ ಬಟ್ಟೆಯಲ್ಲಿ ಒತ್ತಿ ಒಣಗಿಸಿದರೆ ಸಾಕು. ಆಮೇಲೆ ಮೊಬೈಲಿನಲ್ಲಿ ಎರಡೂ ಮುಖಗಳ ಫೋಟೊ ತೆಗೆದು, ಸಿಕ್ಕ ಊರು ಬರೆದಿಡಿ. ಬೆಳಕು ಓರೆಯಾಗಿ ಮೇಲ್ಗಡೆಯಿಂದಲೇ ಬೀಳಲಿ. ಕೆಳಗಿನಿಂದ ಬಿದ್ದರೆ ಫೋಟೊದಲ್ಲಿ ಉಬ್ಬು ತಗ್ಗಾಗಿ ಕಾಣುತ್ತದೆ, ಅಚ್ಚಿನ ಬಿರುಕು ಬರೀ ಗೀರಾಗಿಬಿಡುತ್ತದೆ.