ಸಣ್ಣ ವಿಮಾನದ ಮೂಗು ನೋಡುವವರಿಗೆ

ಏರೋ ಇಂಡಿಯಾ ನೋಡಲು ಯಲಹಂಕಕ್ಕೆ ಹೋಗಿ ಬಂದ ನಮ್ಮ ಕೂಡ್ಲಿಗಿ, ಕೊಟ್ಟೂರಿನ ಹುಡುಗರನ್ನು ಏನು ಕಂಡಿರಿ ಎಂದು ಕೇಳಿದರೆ ಸುಖೋಯ್ ಸದ್ದು, ಸೂರ್ಯಕಿರಣದ ಹೊಗೆ ಎನ್ನುತ್ತಾರೆ. ಎನ್‌ಎಎಲ್‌ನವರ ಸಣ್ಣ ವಿಮಾನ ಹಂಸದ ಸುದ್ದಿ ತೆಗೆದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ಹಂಪಿ ಉತ್ಸವದಲ್ಲಿ ಹೆಲಿಕಾಪ್ಟರ್ ಹತ್ತಿದವರೂ ಅಷ್ಟೇ, ಫೋಟೋ ಹೊಡೆದುಕೊಂಡು ಇಳಿಯುತ್ತಾರೆ. ಸದ್ದಿಗೆ ಬೆರಗಾಗಲು ರಸಿಕತೆ ಬೇಕಿಲ್ಲ. ಪೈಲಟ್ ಕೇಳಿದ್ದಕ್ಕೆ ವಿಮಾನ ಹೇಗೆ ಓಗೊಡುತ್ತದೆ ಎಂದು ಗಮನಿಸುವುದು ಕಲಿತರೆ ಮಾತ್ರ ಬರುವ ರುಚಿ. ಅದಕ್ಕೆ ಇಬ್ಬರು ಕೂರುವ ಸಣ್ಣ ವಿಮಾನವೇ ಆಗಬೇಕು. ಅಲ್ಲಿ ಕೈಗೂ ರೆಕ್ಕೆಗೂ ನಡುವೆ ಕಂಪ್ಯೂಟರ್ ಇಲ್ಲ, ಗಾಳಿಯ ಒತ್ತಡ ನೇರ ಅಂಗೈಗೆ ಬರುತ್ತದೆ.

ಪೈಲಟ್ ಕೈಯಲ್ಲಿ ಹಿಡಿಯುವ ಸ್ಟಿಕ್ ಹಗುರವಾಗಿದ್ದರೆ ವಿಮಾನ ಒಳ್ಳೆಯದೆಂದು ಹೊಸಬರು ತಿಳಿಯುತ್ತಾರೆ. ಅದು ತಪ್ಪು. ವಿಮಾನವನ್ನು ವಾಲಿಸುವ ಐಲರಾನ್ ಎಲ್ಲಕ್ಕಿಂತ ಹಗುರ, ಮೂಗನ್ನು ಏರಿಳಿಸುವ ಎಲಿವೇಟರ್ ಅದರ ಎರಡರಷ್ಟು ಬಿಗಿ, ಕಾಲಿನಿಂದ ಒತ್ತಿ ಮೂಗನ್ನು ಪಕ್ಕಕ್ಕೆ ತಿರುಗಿಸುವ ರಡ್ಡರ್ ನಾಲ್ಕರಷ್ಟು ಎಂಬುದು ಹಳೆಯ ಲೆಕ್ಕ. ನೋಡಬೇಕಾದದ್ದು ಈ ಮೂರರ ಹೊಂದಾಣಿಕೆ. ಒಂದು ಎತ್ತು ಚುರುಕು, ಇನ್ನೊಂದು ಮಂದವಾದರೆ ಗಾಡಿ ಹೊಡೆಯುವವನ ಪಾಡೇನೆಂದು ಹಡಗಲಿ, ಹರಪನಹಳ್ಳಿಯವರಿಗೆ ನಾನು ಹೇಳಬೇಕಿಲ್ಲ. ವೇಗ ಎರಡರಷ್ಟಾದರೆ ಬಿಗಿ ನಾಲ್ಕರಷ್ಟಾಗುತ್ತದೆ. ವೇಗ ಕುಗ್ಗಿ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವ ‘ಸ್ಟಾಲ್’ ಹತ್ತಿರ ಬಂದಾಗ ಎಲ್ಲವೂ ಸಡಿಲ. ತೂಕ ಹಿಂದಕ್ಕೆ ಸರಿದರೆ ಎಲಿವೇಟರ್ ಅತಿ ಚುರುಕಾಗುತ್ತದೆ. ಇಷ್ಟನ್ನು ಪುಸ್ತಕ ಓದಿ ತಿಳಿಯಬಹುದು. ರಡ್ಡರನ್ನು ಹಾಗೆ ತಿಳಿಯಲಾಗದು.

ಎಡಕ್ಕೆ ವಾಲಿಸಿದಾಗ ಬಲಗಡೆಯ ಐಲರಾನ್ ಕೆಳಗಿಳಿಯುತ್ತದೆ. ಆ ರೆಕ್ಕೆ ಏಳುತ್ತದೆ, ಆದರೆ ಗಾಳಿ ಅದನ್ನು ಹಿಂದಕ್ಕೆಳೆಯುವುದೂ ಹೆಚ್ಚುತ್ತದೆ. ಹಾಗಾಗಿ ಎಡಕ್ಕೆ ಹೋಗಬೇಕಾದ ಮೂಗು ಒಂದು ಗಳಿಗೆ ಬಲಕ್ಕೆ ತಿರುಗುತ್ತದೆ. ನನಗಿದು ತಿಳಿದದ್ದು ಫ್ಲೈಯಿಂಗ್ ಕ್ಲಬ್ಬೊಂದರ ಪುಷ್ಪಕ್‌ನಲ್ಲಿ. ಎಚ್‌ಎಎಲ್ 1958ರಲ್ಲಿ ಮೊದಲು ಹಾರಿಸಿದ, 90 ಅಶ್ವಶಕ್ತಿಯ, ಬಟ್ಟೆ ಹೊದಿಸಿದ ವಿಮಾನ ಅದು. ನಾನು ಎಡಕ್ಕೆ ವಾಲಿಸಿದೆ. ಮೂಗು ಬಲಕ್ಕೆ ಹೋಯಿತು, ವಿಮಾನ ಪಕ್ಕಕ್ಕೆ ಜಾರುವುದನ್ನು ತೋರಿಸುವ ಡಯಲಿನ ಗುಂಡು ಎಡಕ್ಕೆ ಸರಿಯಿತು. ಪಕ್ಕದಲ್ಲಿದ್ದ ಗುರುಗಳು “ಗುಂಡು ಹೋದ ಕಡೆ ಕಾಲು ಒತ್ತಪ್ಪ” ಎಂದರು. ಎಡಗಾಲು ಒತ್ತಿದ ಕೂಡಲೇ ಮೂಗು ದಿಗಂತದ ಗೆರೆಯ ಮೇಲೆ ತಡವರಿಸದೆ ತಿರುಗತೊಡಗಿತು, ಮೈಯನ್ನು ಪಕ್ಕಕ್ಕೆ ನೂಕುತ್ತಿದ್ದದ್ದು ನಿಂತುಹೋಯಿತು. ಅಂದಿನಿಂದ ವಿಮಾನ ಕಂಡರೆ ನನ್ನ ಕಣ್ಣು ಮೊದಲು ಹೋಗುವುದು ಮೂಗಿಗೆ.

ಬೆಂಗಳೂರಿನ ಬಳ್ಳಾರಿ ರಸ್ತೆಯ ಪಕ್ಕದ ಜಕ್ಕೂರಿನಲ್ಲಿ ಅಡ್ಡಗಾಳಿ ಬೀಸುತ್ತಿದ್ದ ಒಂದು ಸಂಜೆ ಸೆಸ್ನಾ 152 ಇಳಿದದ್ದು ನನಗಿನ್ನೂ ಕಣ್ಣಿಗೆ ಕಟ್ಟಿದೆ. ಮೂಗನ್ನು ಗಾಳಿಗೆ ಓರೆಯಿಟ್ಟು ಬಂದವನು ನೆಲ ಮುಟ್ಟುವ ಮುನ್ನ ಕಾಲಿನಿಂದ ಅದನ್ನು ರನ್‌ವೇಗೆ ಸರಿಯಾಗಿ ತಿರುಗಿಸಿ, ಗಾಳಿ ಬರುವ ಕಡೆಯ ಚಕ್ರವನ್ನು ಮೊದಲು ಊರಿದ. ಚಪ್ಪಾಳೆಗೆ ಅಲ್ಲಿ ಯಾರೂ ಇರಲಿಲ್ಲ. ಸೆಸ್ನಾ ಕಾಲಿನ ಸೋಮಾರಿತನವನ್ನು ಬಹುಮಟ್ಟಿಗೆ ಕ್ಷಮಿಸುತ್ತದೆ, ಅದಕ್ಕೇ ತರಬೇತಿ ಶಾಲೆಗಳಿಗೆ ಅದು ಇಷ್ಟ. ಪುಷ್ಪಕ್ ಕ್ಷಮಿಸುವುದಿಲ್ಲ, ಅದಕ್ಕೇ ನನಗೆ ಅದು ಇಷ್ಟ.

ವಿಮಾನ ವಿನ್ಯಾಸಕ ಘಾಟಗೆಯವರ ತರಬೇತಿ ವಿಮಾನ ಎಚ್‌ಟಿ-2 (ಮೊದಲ ಹಾರಾಟ 5 ಆಗಸ್ಟ್ 1951) ಬಾಲಕ್ಕೆ ಚಕ್ರವಿದ್ದದ್ದು. ಅಂಥದ್ದರಲ್ಲಿ ನೆಲದ ಮೇಲೂ ಕಾಲಿಗೆ ಬಿಡುವಿಲ್ಲ. ಎಕ್ಸ್-ಏರ್‌ನಂಥ ಅತಿ ಹಗುರ ಮೈಕ್ರೋಲೈಟ್ ವಿಮಾನದ ಎಂಜಿನ್ ಎತ್ತರದಲ್ಲಿರುವುದರಿಂದ ಥ್ರಾಟಲ್ ಒತ್ತಿದರೆ ಮೂಗು ಬಗ್ಗುತ್ತದೆ. ಹಂಸದ ಹೊಸ ಅವತಾರ, ಹಂಸ-ಎನ್‌ಜಿ, ಮೊದಲು ಹಾರಿದ್ದು 3 ಸೆಪ್ಟೆಂಬರ್ 2021ರಂದು. ಅದರ ರೆಕ್ಕೆ ಕೆಳಗಿದೆ, ಮೈ ನುಣುಪು. ಇಂಥ ವಿಮಾನ ವೇಗ ಹೆಚ್ಚಿಟ್ಟುಕೊಂಡು ಬಂದರೆ ನೆಲದ ಮೇಲೆ ತೇಲುತ್ತಲೇ ಹೋಗುತ್ತದೆ. ಇಳಿಯುವಾಗ ಎಲಿವೇಟರನ್ನು ಎಷ್ಟು ಹದವಾಗಿ ಎಳೆಯುತ್ತಾರೆ ಎಂಬುದನ್ನು ತಪ್ಪದೆ ನೋಡಿ.

ಹಗರಿಬೊಮ್ಮನಹಳ್ಳಿಯಿಂದ ಬೆಂಗಳೂರಿಗೆ ಹೋಗುವ ತರುಣರಲ್ಲಿ ನನ್ನದೊಂದು ಕೋರಿಕೆ. ದುಡ್ಡು ಕೂಡಿಸಿ ಒಮ್ಮೆ ಸಣ್ಣ ವಿಮಾನ ಹತ್ತಿ. ಫೋನು ಜೇಬಿನಲ್ಲಿರಲಿ. ಪೈಲಟ್ ಒಪ್ಪಿದರೆ ಒಂದು ತಿರುವನ್ನು ರಡ್ಡರ್ ಮುಟ್ಟದೆ, ಇನ್ನೊಂದನ್ನು ಮುಟ್ಟಿ ತೋರಿಸಲು ಕೇಳಿ.