ಮೂಕ ಕ್ಯಾಮೆರಾ, ಎರವಲು ದನಿ

ಹಿಂದಿಯ ಸ್ವತಂತ್ರ ಚಿತ್ರಗಳ ಕುರಿತ ಮಾತು ಸಾಮಾನ್ಯವಾಗಿ ಹಣದ ಅಭಾವದಲ್ಲಿ ಆರಂಭವಾಗಿ ಅನುಕಂಪದಲ್ಲಿ ಮುಗಿದುಹೋಗುತ್ತದೆ. ದೊಡ್ಡ ನಿರ್ಮಾಣ ಸಂಸ್ಥೆಗಳ ಬಂಡವಾಳವಾಗಲಿ ಹಂಚಿಕೆದಾರರ ಮುಂಗಡವಾಗಲಿ ಇಲ್ಲದೆ, ತಾರೆಯರ ಹೆಸರನ್ನು ನೆಚ್ಚಿಕೊಳ್ಳದೆ, ನಿರ್ದೇಶಕನೇ ಸಾಲಸೋಲ ಮಾಡಿ ತೆಗೆಯುವ ಚಿತ್ರವನ್ನು ಸ್ವತಂತ್ರ ಚಿತ್ರವೆನ್ನುವುದು ರೂಢಿ. ಆದರೆ ಈ ವ್ಯಾಖ್ಯೆ ಲೆಕ್ಕದ ಪುಸ್ತಕದ್ದೇ ಹೊರತು ಕಲೆಯದ್ದಲ್ಲ. ಕೈಬಿಗಿತವು ಚಿತ್ರದ ಯಾವ ನೋಟದಲ್ಲಿ, ಯಾವ ಸದ್ದಿನಲ್ಲಿ ಒಳಹೊಕ್ಕಿದೆ, ಹಾಗೆ ಹೊಕ್ಕಿದ್ದನ್ನು ನಿರ್ದೇಶಕ ಮರೆಮಾಚಿದನೇ, ಸಹಿಸಿಕೊಂಡನೇ, ಇಲ್ಲವೇ ಅದರಿಂದಲೇ ಏನನ್ನಾದರೂ ಕಟ್ಟಿದನೇ ಎಂಬುದು ಸಿನಿಮಾ ರಸಿಕರು ಕೇಳಬೇಕಾದ ಪ್ರಶ್ನೆ.

ಈ ಪ್ರಶ್ನೆಯನ್ನು ಒರೆಗೆ ಹಚ್ಚಲು ಮೈಸೂರಿನವರಾದ ಎಂ. ಎಸ್. ಸತ್ಯು ನಿರ್ದೇಶಿಸಿದ ‘ಗರ್ಮ್ ಹವಾ’ಕ್ಕಿಂತ ತಕ್ಕ ಚಿತ್ರ ಸಿಗುವುದು ಕಷ್ಟ. ದೇಶವಿಭಜನೆಯ ಬಳಿಕ ಆಗ್ರಾದಲ್ಲೇ ಉಳಿದ ಪಾದರಕ್ಷೆ ತಯಾರಕ ಸಲೀಂ ಮಿರ್ಜಾನ ಮನೆಮಂದಿ ಒಬ್ಬೊಬ್ಬರಾಗಿ ಗಡಿಯಾಚೆಗೆ ಹೊರಟುಹೋಗುವ ಈ ಕತೆಯ ಮೂಲ ಇಸ್ಮತ್ ಚುಗ್ತಾಯಿ ಅವರದು. ಚಿತ್ರಕತೆಯನ್ನು ಕೈಫಿ ಆಜ್ಮಿ ಮತ್ತು ಶಮಾ ಜೈದಿ ಬರೆದರು. ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್, ಅಂದರೆ ಒಳ್ಳೆಯ ಚಿತ್ರಗಳಿಗೆ ನೆರವಾಗಲೆಂದು ಕೇಂದ್ರ ಸರ್ಕಾರ 1960ರಲ್ಲಿ ಸ್ಥಾಪಿಸಿದ ನಿಗಮ, ಇದಕ್ಕೆ ಎರಡೂವರೆ ಲಕ್ಷ ರೂಪಾಯಿ ಕೊಟ್ಟಿತು. ಕೊಟ್ಟದ್ದು ಸಾಲವೇ ಹೊರತು ದಾನವಲ್ಲ; ಮಿಕ್ಕ ಹಣವನ್ನು ಸತ್ಯು ಅಲ್ಲಿ ಇಲ್ಲಿ ಕೈಸಾಲ ಮಾಡಿ ಹೊಂದಿಸಿದರು. ಆಗ್ರಾದಲ್ಲಿ ಚಿತ್ರೀಕರಣಕ್ಕೆ ಸ್ಥಳೀಯರ ವಿರೋಧ ಎದ್ದಾಗ, ಫಿಲ್ಮ್ ತುಂಬದ ಕ್ಯಾಮೆರಾ ಹೊತ್ತ ಇನ್ನೊಂದು ತಂಡವನ್ನು ಊರಿನ ಬೇರೆ ಮೂಲೆಗಳಿಗೆ ಕಳುಹಿಸಿ ಗುಂಪನ್ನು ಅತ್ತ ಸೆಳೆದು, ನಿಜವಾದ ತಂಡ ಇತ್ತ ತನ್ನ ಕೆಲಸ ಮುಗಿಸಿಕೊಂಡಿತು. (ಹಿಂದಿ ಚಿತ್ರರಂಗದಲ್ಲಿ ಒಳಗೆ ಏನೂ ಇಲ್ಲದ ಕ್ಯಾಮೆರಾದ ಹಿಂದೆ ಜನ ಓಡಿದ್ದು ಅದೇ ಮೊದಲಲ್ಲ, ಕೊನೆಯೂ ಅಲ್ಲ.)

ಕೈಬಿಗಿತದ ನಿಜವಾದ ಗುರುತು ಉಳಿದಿರುವುದು ಚಿತ್ರದ ಧ್ವನಿಯಲ್ಲಿ. ನಟರ ಮಾತನ್ನು ಚಿತ್ರೀಕರಣದ ಸ್ಥಳದಲ್ಲೇ ಹಿಡಿಯಬೇಕಾದರೆ ಸದ್ದು ಮಾಡದ ಕ್ಯಾಮೆರಾ ಬೇಕು, ಧ್ವನಿಮುದ್ರಣದ ಉಪಕರಣ ಬೇಕು, ಅದನ್ನು ಬಲ್ಲ ತಂತ್ರಜ್ಞರೂ ಬೇಕು. ಇವು ಯಾವುವೂ ಕೈಗೆಟುಕದ್ದರಿಂದ, ಸಹನಿರ್ಮಾಪಕರೂ ಆಗಿದ್ದ ಛಾಯಾಗ್ರಾಹಕ ಇಶಾನ್ ಆರ್ಯ ಎರವಲು ಸಿಕ್ಕ ಆರಿಫ್ಲೆಕ್ಸ್ ಕ್ಯಾಮೆರಾದಲ್ಲಿ ಇಡೀ ಚಿತ್ರವನ್ನು ಮೂಕಿಯಂತೆ ತೆಗೆದರು; ಮಾತುಗಳನ್ನೂ ಊರಿನ ಸದ್ದುಗಳನ್ನೂ ಆಮೇಲೆ ಸೇರಿಸಲಾಯಿತು. ತೆರೆಯ ಮೇಲಿನ ತುಟಿಚಲನೆಗೆ ಹೊಂದುವಂತೆ ಸ್ಟುಡಿಯೋದಲ್ಲಿ ಮಾತಾಡಿ ಮುದ್ರಿಸುವ ಈ ಡಬ್ಬಿಂಗ್ ಅಂದಿನ ಸಿರಿವಂತ ಚಿತ್ರಗಳಲ್ಲೂ ಬಳಕೆಯಲ್ಲಿತ್ತು. ಅದರ ದೊಡ್ಡ ಕೊರತೆಯೆಂದರೆ ದನಿಗೆ ಕೋಣೆಯ ಗೋಡೆಗಳ ಅನುರಣನ ಅಂಟುವುದಿಲ್ಲ. ಮಾತು ಪಾತ್ರದ ಬಾಯಿಂದ ಬರದೆ ಪ್ರೇಕ್ಷಕನ ಕಿವಿಯ ಪಕ್ಕದಿಂದಲೇ ಬಂದಂತಿರುತ್ತದೆ. ಮಿರ್ಜಾನ ಪಾತ್ರದ ಬಲರಾಜ್ ಸಾಹ್ನಿ ಅವರ ಮೆಲುದನಿಯಲ್ಲಿ ಈ ಕೊರತೆಯೇ ಗುಣವಾಗಿ, ಎದುರಿಗಿರುವವರೊಂದಿಗೆ ಆಡಿದ ಮಾತೂ ತನ್ನೊಳಗೇ ಹೇಳಿಕೊಂಡಂತೆ ಕೇಳುತ್ತದೆ. ಡಬ್ಬಿಂಗ್ ಮುಗಿಸಿದ ಮರುದಿನವೇ, 1973ರ ಏಪ್ರಿಲ್ 13ರಂದು, ಸಾಹ್ನಿ ತೀರಿಕೊಂಡರೆಂಬುದನ್ನು ತಿಳಿದವರಿಗೆ ಆ ದನಿಯನ್ನು ಬರಿಯ ತಂತ್ರವಾಗಿ ಕೇಳುವುದು ಆಗದ ಮಾತು. ಇನ್ನು, ಮಿರ್ಜಾನ ಮುದಿತಾಯಿಯ ಪಾತ್ರವನ್ನು ಗಾಯಕಿ ಬೇಗಂ ಅಖ್ತರ್ ಒಪ್ಪದಿದ್ದಾಗ ಅದು ಬದರ್ ಬೇಗಂ ಎಂಬ ವೃದ್ಧೆಯ ಪಾಲಿಗೆ ಬಂತು. ಆಕೆಯ ಮಾತನ್ನು ನಟಿ ದೀನಾ ಪಾಠಕ್ ಆಡಿದರು. ಒಬ್ಬರ ಮುಖಕ್ಕೆ ಇನ್ನೊಬ್ಬರ ಕಂಠ ಜೋಡಿಸಿದರೂ ಪಾತ್ರ ಬಿರುಕು ಬಿಡದೆ ನಿಂತದ್ದಕ್ಕೆ ಮೂಕವಾಗಿ ಚಿತ್ರೀಕರಿಸಿದ್ದೂ ಒಂದು ಕಾರಣ.

ಮಣಿ ಕೌಲ್ ಅವರ ‘ಉಸ್ಕೀ ರೋಟಿ’ಯ ಬಡತನವೇ ಬೇರೆ ಬಗೆಯದು. ಬಸ್ ಚಾಲಕನಾದ ಗಂಡನಿಗೆ ಊಟದ ಬುತ್ತಿ ಹಿಡಿದು ರಸ್ತೆಯಂಚಿನಲ್ಲಿ ಕಾಯುವ ಹೆಣ್ಣಿನ ಕುರಿತ ಮೋಹನ್ ರಾಕೇಶ್ ಅವರ ಕತೆಯನ್ನು ಅದೇ ನಿಗಮದ ಹಣದಲ್ಲಿ ತೆರೆಗೆ ತಂದ ಕೌಲ್, ಬೇಕೆಂದೇ ಎರಡು ಮಸೂರಗಳಿಗೆ ಕೈ ಕಟ್ಟಿಕೊಂಡರು: ಹತ್ತಿರದ್ದನ್ನೂ ದೂರದ್ದನ್ನೂ ಒಟ್ಟಿಗೇ ಸ್ಪಷ್ಟವಾಗಿಡಬಲ್ಲ 28 ಮಿಲಿಮೀಟರಿನದು, ಮತ್ತು ಒಂದನ್ನು ಮಾತ್ರ ಹಿಡಿದು ಉಳಿದುದನ್ನು ಮಸುಕಾಗಿಸುವ 135 ಮಿಲಿಮೀಟರಿನದು. ಮೊದಲನೆಯದು ಆಕೆಯ ದಿನಚರಿಗೆ, ಎರಡನೆಯದು ಆಕೆಯ ಮನಸ್ಸಿನ ಚಿತ್ರಗಳಿಗೆ ಎಂದು ಶುರುವಾದ ನಿಯಮ ಚಿತ್ರ ಸಾಗಿದಂತೆ ಕಲಸಿಹೋಗುತ್ತದೆ. ಕಾಯುವವಳಿಗೆ ಕಂಡದ್ದಾವುದು, ಕಲ್ಪಿಸಿಕೊಂಡದ್ದಾವುದು ಎಂಬ ಗೆರೆ ಅಳಿಸುವುದೂ ಹೀಗೆಯೇ. ಹೇರಿಕೆಯಾದ ಮಿತಿಗೂ ಆಯ್ದುಕೊಂಡ ಮಿತಿಗೂ ಇರುವ ಅಂತರವನ್ನು ಈ ಎರಡು ಚಿತ್ರಗಳು ತೋರುತ್ತವೆ. ಕೌಲ್ ಅವರ ಶಿಸ್ತು ಹೆಚ್ಚು ಮೆಚ್ಚತಕ್ಕದ್ದಾದರೂ ಮತ್ತೆ ಮತ್ತೆ ನೋಡಬೇಕೆನಿಸುವುದು ಸತ್ಯು ಅವರ ಚಿತ್ರವೇ. ರೈಲುಗಳಲ್ಲೂ ನಿಲ್ದಾಣಗಳ ಜನಸಂದಣಿಯಲ್ಲೂ ಕ್ಯಾಮೆರಾ ಹೊಕ್ಕು ತೆಗೆದ ‘27 ಡೌನ್’ ಇವೆರಡರ ನಡುವೆ ನಿಲ್ಲುತ್ತದೆ. ಅದರ ನಿರ್ದೇಶಕ ಅವತಾರ್ ಕೌಲ್ 1974ರಲ್ಲಿ ನೀರಿನಲ್ಲಿ ಮುಳುಗಿ ತೀರಿಹೋದದ್ದರಿಂದ ಆ ದಾರಿ ಅಲ್ಲಿಗೇ ನಿಂತಿತು.

ಚಿತ್ರ ಮುಗಿದ ಮೇಲಿನ ಪಾಡಿನಲ್ಲಿ ಮಾತ್ರ ಕಲೆಗೆ ಒದಗುವಂಥದ್ದು ಏನೂ ಇಲ್ಲ. ಕಮಲ್ ಸ್ವರೂಪ್ 1988ರಲ್ಲಿ ಮುಗಿಸಿದ ‘ಓಂ ದರ್-ಬ-ದರ್’ ಚಿತ್ರಮಂದಿರಕ್ಕೆ ಬಂದದ್ದು 2014ರಲ್ಲಿ. ಕಾಲು ಶತಮಾನದ ಆ ಕಾಯುವಿಕೆಯಿಂದ ಚಿತ್ರದ ಒಂದು ಚೌಕಟ್ಟೂ ಚೆಲುವಾಗಲಿಲ್ಲ. ಡಿಜಿಟಲ್ ಕ್ಯಾಮೆರಾ ಬಂದು ಕಚ್ಚಾ ಫಿಲ್ಮಿನ ಖರ್ಚು ತಪ್ಪಿದೆಯಾದರೂ ತೆರೆ ಸಿಗುವ ಕಷ್ಟ ತಪ್ಪಿಲ್ಲ.

‘ಗರ್ಮ್ ಹವಾ’ವನ್ನು ಸೆನ್ಸಾರ್ ಮಂಡಳಿ ಕೋಮುಗಲಭೆಯ ಅಂಜಿಕೆಯಿಂದ ತಿಂಗಳುಗಟ್ಟಲೆ ತಡೆಹಿಡಿದಿತ್ತು. 1974ರಲ್ಲಿ ಕೊನೆಗೂ ಅಪ್ಪಣೆ ದೊರೆತಾಗ ಆಗ್ರಾದ ಆ ಕತೆ ಮೊದಲು ತೆರೆಕಂಡದ್ದು ಬೆಂಗಳೂರಿನ ಸಾಗರ್ ಮತ್ತು ಸಂಗೀತ್ ಚಿತ್ರಮಂದಿರಗಳಲ್ಲಿ, ಉರ್ದುವನ್ನೂ ಕನ್ನಡವನ್ನೂ ಅಕ್ಕಪಕ್ಕದಲ್ಲೇ ಕೇಳುವ ಊರಿನಲ್ಲಿ. ಇಲ್ಲಿನ ಸ್ವಾಗತ ನೋಡಿದ ಮೇಲೆಯೇ ಚಿತ್ರಕ್ಕೆ ದೇಶದ ಉಳಿದೆಡೆ ದಾರಿ ತೆರೆಯಿತು. ನಲವತ್ತು ವರ್ಷಗಳ ನಂತರ, ಬಿಂಬವನ್ನೂ ಧ್ವನಿಯನ್ನೂ ಶುದ್ಧಗೊಳಿಸಿದ ಪ್ರತಿ 2014ರ ನವೆಂಬರಿನಲ್ಲಿ ಮರುಬಿಡುಗಡೆಯಾದಾಗ, ತನ್ನ ಹವೇಲಿ ಬಿಡಲೊಲ್ಲದ ಆ ಮುದಿತಾಯಿಯ ತುಟಿಗಳಲ್ಲಿ ದೀನಾ ಪಾಠಕ್ ಮತ್ತೆ ಮಾತಾಡಿದರು.